ಮೋವಾಬ್ ಸೀಮೆಯ ಪದರ-ನಕ್ಷೆ: ಏರಿಳಿತ ಸರಿ, ಗಡಿಗೆರೆ ತಪ್ಪು

ಸಂಡೇ ಸ್ಕೂಲಿನ ಗೋಡೆಯಲ್ಲಿ ತೂಗುವ ಬೈಬಲ್ ನಕ್ಷೆಗಳಲ್ಲಿ ಮೋವಾಬ್ ಅಂದರೆ ಲವಣ ಸಮುದ್ರದ (ಮೃತ ಸಮುದ್ರ) ಬಲಮಗ್ಗುಲಿಗೆ ಹಳದಿ ಬಳಿದ ಒಂದು ತುಂಡು, ನಡುವೆ ಮೂರಕ್ಷರದ ಹೆಸರು. ರೂತಳ ಕಥೆ ಬಂದಾಗ ಟೀಚರ ಬೆರಳು ಒಮ್ಮೆ ಅತ್ತ ಹೋಗಿ ಮತ್ತೆ ಬೇತ್ಲೆಹೇಮಿಗೆ ಮರಳುತ್ತದೆ, ಅಲ್ಲಿಗೆ ಮುಗಿಯಿತು. ಆ ತುಂಡು ಸಮುದ್ರದಿಂದ ಎಷ್ಟು ಎತ್ತರದಲ್ಲಿದೆ, ಅದನ್ನು ಸೀಳಿದ ಕಣಿವೆ ಎಷ್ಟು ಆಳ, ಅಷ್ಟು ಒಣ ಸೀಮೆಯ ಮಗ್ಗುಲಲ್ಲಿ ಬೆಳೆ ಹೇಗಾಗುತ್ತದೆ ಎಂಬುದೆಲ್ಲ ಚಪ್ಪಟೆ ಕಾಗದದಲ್ಲಿ ಕಾಣುವಂಥದ್ದಲ್ಲ. ಕಾಸರಗೋಡು ಪೇಟೆಯಲ್ಲಿ ಅಂಗಡಿ ಬೋರ್ಡು ಮಾಡುವ ಒಂದು ವರ್ಕ್‌ಶಾಪು ಆರ್ಡರಿನ ಮೇಲೆ ಕೊರೆದು ಕೊಡುತ್ತಿರುವ, ಎತ್ತರಕ್ಕೆ ತಕ್ಕಂತೆ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವ ಮೋವಾಬಿನ ಪದರ-ನಕ್ಷೆ ಈ ಕೊರತೆ ತುಂಬಲು ಹೊರಟಿದೆ. ಬಹುಪಾಲು ತುಂಬಿದೆ ಕೂಡ. ಆದರೆ ಡಬ್ಬದಿಂದ ತೆಗೆದು ಕೈಪಿಡಿ ಹೇಳಿದಂತೆಯೇ ಜೋಡಿಸಿ ಗೋಡೆಗೇರಿಸಿದರೆ ಮೂರು ಕಡೆ ತಪ್ಪು ಪಾಠ ಹೇಳುತ್ತದೆ. ಅದರಲ್ಲಿ ಎರಡನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು. ಮೂರನೆಯದನ್ನು ಅಂಗಡಿಗೇ ವಾಪಸು ಕೊಡಬೇಕು.

ಡಬ್ಬದಲ್ಲಿರುವುದು ಇಷ್ಟು: 80 ಸೆಂ.ಮೀ. ಉದ್ದ, 52 ಸೆಂ.ಮೀ. ಅಗಲದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ತಳಹಲಗೆ; ಯಂತ್ರದಲ್ಲಿ ಕೊರೆದ 3 ಮಿ.ಮೀ. ದಪ್ಪದ ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಪದರಗಳು 17, ಊರು, ಬೆಟ್ಟ, ಹೊಳೆಗಳ ಹೆಸರಿನ 40 ಚೀಟಿಗಳು, ಗುಂಡುಪಿನ್ನುಗಳು, ಒಂದು ಉಂಡೆ ಕೆಂಪು ನೂಲು, ಮೋವಾಬಿನ ಅರಸ ಮೇಷನ ಶಿಲಾಶಾಸನದ ಕಿರುಪ್ರತಿ, ಮಾದಬಾ ನೆಲಚಿತ್ರದ (ಅಲ್ಲಿಯ ದೇವಾಲಯದ ನೆಲದಲ್ಲಿರುವ ಹಳೆಯ ನಕ್ಷೆ) ಒಂದು ಪ್ರಿಂಟು, ತೂಗುಹಾಕಲು ಒಂದು ಕೊಕ್ಕೆ, 12 ಪುಟದ ಕೈಪಿಡಿ. ಬೆಲೆ 3,800 ರೂಪಾಯಿ. ಅಂಟು ಮತ್ತು ಬಣ್ಣ ಕೊಂಡವರ ಖರ್ಚು.

ಮೊದಲು ಮೆಚ್ಚಬೇಕಾದ್ದನ್ನು ಹೇಳಬೇಕು. ಅಳತೆ ಸಾಚಾ. ನಕ್ಷೆಯ 1 ಸೆಂ.ಮೀ. ಅಂದರೆ ನೆಲದ ಮೇಲೆ ಒಂದೂವರೆ ಕಿ.ಮೀ.; ಹಾಗಾಗಿ ಇಡೀ ಹಲಗೆ ಉತ್ತರ-ದಕ್ಷಿಣ 120 ಕಿ.ಮೀ., ಪೂರ್ವ-ಪಶ್ಚಿಮ 78 ಕಿ.ಮೀ. ನೆಲವನ್ನು ಹಿಡಿಯುತ್ತದೆ. ಮೇಲಂಚಿನಲ್ಲಿ ಯೆರಿಕೋ, ಕೆಳಂಚಿನಲ್ಲಿ ಮೋವಾಬನ್ನು ಎದೋಮಿನಿಂದ ಬೇರ್ಪಡಿಸುವ ಜೆರೆದ್ ಹಳ್ಳ, ಎಡಕ್ಕೆ ಯೆರೂಸಲೇಮು ಮತ್ತು ಬೇತ್ಲೆಹೇಮು, ಬಲಕ್ಕೆ ಮರುಭೂಮಿಯ ಅಂಚು. ಇಂಥ ನಕ್ಷೆ ಕೊಳ್ಳುವಾಗ ನೂಲು ಹಿಡಿದು ಮೂರು ದೂರ ಅಳೆದು ನೋಡುವುದು ಒಳ್ಳೆಯದು. ನೆಬೋ ಬೆಟ್ಟದಿಂದ ಯೆರೂಸಲೇಮಿಗೆ ನೇರ ಸುಮಾರು 46 ಕಿ.ಮೀ., ಅಂದರೆ ನೂಲು 31 ಸೆಂ.ಮೀ. ಬರಬೇಕು. ನೆಬೋದಿಂದ ಯೆರಿಕೋಗೆ ನೂಲು 18 ಸೆಂ.ಮೀ., ಬೇತ್ಲೆಹೇಮಿನಿಂದ ಮೋವಾಬಿನ ದೀಬೋನ್ ಊರಿಗೆ 39 ಸೆಂ.ಮೀ. ಮೂರೂ ಅರ್ಧ ಸೆಂಟಿಮೀಟರಿನ ಒಳಗೇ ಹೊಂದುತ್ತವೆ. ಅಂದಾಜಿಗೆ ಬರೆದ ನಕ್ಷೆಯನ್ನು ದೊಡ್ಡದು ಮಾಡಿ ಕೊರೆದಿದ್ದರೆ ಹೀಗೆ ಹೊಂದುತ್ತಿರಲಿಲ್ಲ.

ಎತ್ತರದ ಲೆಕ್ಕ ಬೇರೆ, ಅದನ್ನು ಮಾತ್ರ ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಒಂದೊಂದು ಪದರವೂ 100 ಮೀಟರ್ ಏರಿಕೆ. ಅದೇ ಅಳತೆಯಲ್ಲಿ ಎತ್ತರವನ್ನೂ ತೋರಿಸಿದ್ದರೆ ಒಂದು ಪದರ 0.67 ಮಿ.ಮೀ. ಇರಬೇಕಿತ್ತು, ಇಲ್ಲಿ 3 ಮಿ.ಮೀ. ಇದೆ, ಅಂದರೆ ನಾಲ್ಕೂವರೆ ಪಟ್ಟು ಹಿಗ್ಗಿಸಿದ್ದು. ಲವಣ ಸಮುದ್ರದ ಮಟ್ಟ ಮೈನಸ್ 430 ಮೀಟರಿಗೂ ಕೆಳಗೆ (ಮೈನಸ್ ಅಂದರೆ ಕಡಲಮಟ್ಟಕ್ಕಿಂತ ತಗ್ಗು), ಕೆರಕ್ ಪಟ್ಟಣದ ದಕ್ಷಿಣದ ಎತ್ತರ 1,200 ಮೀಟರಿಗೂ ಮಿಕ್ಕಿ. ಈ 1,600 ಮೀಟರ್ ಚಿಲ್ಲರೆಯ ಅಂತರ ನಿಜದ ಅಳತೆಯಲ್ಲಿ ಬರೀ 11 ಮಿ.ಮೀ. ಆಗುತ್ತಿತ್ತು, ದೂರದಿಂದ ಯಾರಿಗೂ ಕಾಣುತ್ತಿರಲಿಲ್ಲ. ಹಿಗ್ಗಿಸಿದ್ದು ತಪ್ಪಲ್ಲ. ಕೈಪಿಡಿಯ ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾದದ್ದು ತಪ್ಪು. ನಕ್ಷೆಯ ಮೂಲೆಯಲ್ಲೇ ‘ಎತ್ತರ ನಾಲ್ಕೂವರೆ ಪಟ್ಟು’ ಎಂದು ಚೀಟಿ ಅಂಟಿಸಿಬಿಡಿ. ಇಲ್ಲದಿದ್ದರೆ ಮೋವಾಬಿನ ಇಳಿಜಾರೆಲ್ಲ ನೆಟ್ಟಗಿನ ಗೋಡೆ ಎಂದೇ ಮಕ್ಕಳು ತಿಳಿದಾರು.

ಐದನೇ ಪದರದ ಅಂಚಿಗೆ ಕೆಂಪು ಬಣ್ಣ ಎಳೆಯಿರಿ. ಮೊದಲ ಪದರ ಮೈನಸ್ 400 ಮೀಟರಿನದಾದ್ದರಿಂದ ಅದು ಸೊನ್ನೆಯ ಗೆರೆ: ಉಪ್ಪಳದ ಕಡಲತೀರದಲ್ಲಿ ನಿಂತವರ ಅಂಗಾಲಿನ ಮಟ್ಟ. ಪೊಸಡಿಗುಂಪೆ ಕಡಲಮಟ್ಟದಿಂದ ಸುಮಾರು ಸಾವಿರ ಅಡಿ ಮೇಲಿದೆ. ಲವಣ ಸಮುದ್ರದ ನೀರು ಅದೇ ಕಡಲಮಟ್ಟದಿಂದ 1,400 ಅಡಿಗೂ ಮಿಕ್ಕಿ ಕೆಳಗಿದೆ. ಗುಂಪೆಯನ್ನು ಬುಡಮೇಲು ಮಾಡಿ ನೆಲಕ್ಕೆ ಹೂತರೂ ಆ ತಗ್ಗು ಮುಟ್ಟುವುದಿಲ್ಲ ಎಂದರೆ ಕುಂಬಳೆ-ಬಾಯಾರು ಕಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಈ ನಕ್ಷೆ ಹಣಕ್ಕೆ ಮೋಸವಿಲ್ಲ ಅನಿಸುವುದು ಹನ್ನೆರಡನೇ ಪದರದಲ್ಲಿ. 700 ಮೀಟರಿನ ಗೆರೆ ಅದು. ಬೇತ್ಲೆಹೇಮಿನ ಪಿನ್ನು ಅದರ ಮೇಲೆ ಕೂರುತ್ತದೆ, ಸಮುದ್ರದಾಚೆ ಮೇದೆಬಾ (ಇಂದಿನ ಮಾದಬಾ) ಅದರ ಮೇಲೆಯೇ, ದೀಬೋನೂ ಅದರ ಮೇಲೆಯೇ. ಮೂರೂ ಹೆಚ್ಚುಕಡಿಮೆ ಒಂದೇ ಎತ್ತರದ ಊರುಗಳು, ನಡುವೆ ಮಾತ್ರ ತಳಹಲಗೆಯವರೆಗೆ ಕುಸಿದ ಹೊಂಡ. ಬೇತ್ಲೆಹೇಮಿನ ಮೂಡಣ ದಿಗಂತದಲ್ಲಿ ಮೋವಾಬಿನ ಗುಡ್ಡಸಾಲು ಕಣ್ಣಿಗೆ ಕಾಣುತ್ತದೆ. ಕಾಣುವ ಊರೇ ಆದರೂ ರೂತಳ ಅತ್ತೆ ನೊವೊಮಿಯ ಮನೆಯವರು ಅಲ್ಲಿಗೆ ಹೋಗಲು ಸುಮಾರು 1,200 ಮೀಟರ್ ಇಳಿದು, ಮತ್ತೆ ಅಷ್ಟೇ ಹತ್ತಬೇಕಿತ್ತು. ಬರಗಾಲ ಬಂದಾಗ ಯಾಕೆ ಅತ್ತಲೇ ಹೋದರು ಎಂಬುದಕ್ಕೂ ಉತ್ತರ ಇದೇ ಪದರಗಳಲ್ಲಿದೆ. ಚಳಿಗಾಲದ ಮಳೆಮೋಡ ಪಡುವಣದ ಮೆಡಿಟರೇನಿಯನ್ ಕಡೆಯಿಂದ ಬರುತ್ತದೆ. ಯೆಹೂದದ ಗುಡ್ಡಗಳಿಗೆ ಒಂದಷ್ಟು ಸುರಿದು, ಹೊಂಡಕ್ಕೆ ಇಳಿಯುವಾಗ ಗಾಳಿ ಕಾದು ಒಣಗಿ ಸಮುದ್ರದ ದಂಡೆಗೆ ಹೆಚ್ಚುಕಡಿಮೆ ಏನೂ ಬೀಳುವುದಿಲ್ಲ. ಆಚೆ ಮೋವಾಬಿನ ಗೋಡೆ ಅಡ್ಡ ಬಂದಾಗ ಮತ್ತೆ ಮೇಲೇರಿ ತಣಿದು ಸುರಿಯುತ್ತದೆ. ಹಾಗಾಗಿ ಎತ್ತರದ ಪಡುವಣ ಅಂಚಿಗೆ ವರ್ಷಕ್ಕೆ 300-400 ಮಿ.ಮೀ. ಸಿಗುತ್ತದೆ. ಪೂರ್ವಕ್ಕೆ ಸರಿದಂತೆ 200ಕ್ಕಿಂತ ಕೆಳಗಿಳಿದು ಮರುಭೂಮಿಯಾಗುತ್ತದೆ. ನಮ್ಮಲ್ಲಿ ಆಟಿ ತಿಂಗಳ ಹತ್ತು-ಹನ್ನೆರಡು ದಿನಕ್ಕೆ ಬೀಳುವಷ್ಟು ನೀರು ಅಲ್ಲಿ ಇಡೀ ವರ್ಷದ ಬದುಕು. ಗೋಧಿ, ಜವೆಗೋಧಿ, ದ್ರಾಕ್ಷಿ ಅಂಚಿನ ಆ ಕಿರಿದಾದ ಪಟ್ಟಿಯಲ್ಲಿ, ಅದರಾಚೆ ಕುರಿ. ಮೇಷ ಅರಸ ಇಸ್ರಾಯೇಲಿಗೆ ಒಂದು ಲಕ್ಷ ಕುರಿಮರಿ ಮತ್ತು ಒಂದು ಲಕ್ಷ ಟಗರುಗಳ ಉಣ್ಣೆ ಕಪ್ಪ ಕೊಡುತ್ತಿದ್ದ ಎಂದು ಬೈಬಲಿನ ಎರಡನೆಯ ಅರಸುಗಳಲ್ಲಿ ಬರುವುದು ಇಂಥ ನೆಲದಿಂದ.

ಈ ಎತ್ತರದ ಚಪ್ಪಟೆ ನೆಲಕ್ಕೆ ಹೀಬ್ರೂವಿನಲ್ಲಿ ‘ಮೀಶೋರ್’ ಎನ್ನುತ್ತಾರೆ. ಕೈಪಿಡಿಯಲ್ಲಿ ‘ಪ್ರಸ್ಥಭೂಮಿ’ ಎಂದು ಬರೆದು ಬಿಟ್ಟಿದ್ದಾರೆ. ಮೀಯಪದವು, ನೀರ್ಪದವು ಎಂದು ದಿನಾ ಬಸ್ಸಿನ ಬೋರ್ಡು ಓದುವ ಊರಿನಲ್ಲಿ ‘ಪದವು’ ಎಂದರೆ ಸಾಕಿತ್ತು.

ಜೋಡಣೆಯ ಮಾತು. ಕೈಪಿಡಿ ಇದನ್ನು ಎರಡು ಗಂಟೆಯ ಕೆಲಸ ಎನ್ನುತ್ತದೆ. ಬಣ್ಣ ಒಣಗುವುದನ್ನೂ ಸೇರಿಸಿದರೆ ಎರಡು ದಿನ ಇಟ್ಟುಕೊಳ್ಳಿ. ಮೊದಲು ಎಲ್ಲ ಪದರಗಳನ್ನೂ ಅಂಟಿಲ್ಲದೆ ಒಂದರ ಮೇಲೊಂದು ಇಟ್ಟು ನೋಡಬೇಕು. ಪ್ರತಿ ಪದರದ ಮೇಲೆ ಮುಂದಿನದರ ಅಂಚು ಸಣ್ಣಗೆ ಗೀರಿದೆ, ಅದಕ್ಕೆ ಸರಿಯಾಗಿ ಕೂರಬೇಕು. ದೊಡ್ಡ ತುಂಡುಗಳಿಗೆ ಹಿಂಬದಿಯಲ್ಲಿ ನಂಬರಿದೆ, ಪುಟ್ಟವಕ್ಕೆ ಇಲ್ಲ. ಕೆರಕ್ ಮತ್ತು ಅರ್ನೋನ್ ಕಣಿವೆಯ ನಡುವಿನ ಶೀಹಾನ್ ಬೆಟ್ಟ, 1,065 ಮೀಟರಿನದು, ಹೆಬ್ಬೆರಳಿನಷ್ಟರ ಬಿಡಿ ತುಂಡು. ಪ್ಯಾಕಿಂಗ್ ಕಾಗದದ ಜೊತೆ ಕಸಕ್ಕೆ ಹೋಗುವುದು ಮೊದಲು ಅದೇ. ಇಟ್ಟು ನೋಡುವಾಗಲೇ ಎಲ್ಲದರ ಬೆನ್ನಿಗೂ ಪೆನ್ಸಿಲಿನಲ್ಲಿ ನಂಬರು ಬರೆದುಕೊಳ್ಳಿ. ಆಮೇಲೆ ಅಂಚುಗಳನ್ನು 220 ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ತಿಕ್ಕಿ, ಅಂಟಿಸುವ ಮೊದಲೇ ಬಣ್ಣ ಬಳಿಯಬೇಕು. ಅಂಟಿಸಿದ ಮೇಲೆ ಕಣಿವೆಯ ಒಳಗೆ ಬ್ರಷ್ಷು ಹೋಗುವುದಿಲ್ಲ. ಮೆಟ್ಟಿಲುಗಳನ್ನು ಪುಟ್ಟಿ ಹಾಕಿ ನುಣ್ಣಗೆ ಮಾಡುವ ಆಸೆ ಬೇಡ: ಸನ್‌ಬೋರ್ಡಿನ ಮೇಲೆ ಗೋಡೆಯ ಪುಟ್ಟಿ ಹಿಡಿಯದೆ ಬಿರಿದು ಉದುರುತ್ತದೆ, ಮೇಲಾಗಿ ಮೆಟ್ಟಿಲೆಣಿಸಿ ಎತ್ತರ ಹೇಳುವ ಅನುಕೂಲವೇ ಹೋಗುತ್ತದೆ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಅಂಟಿನಲ್ಲಿ. ಕೈಪಿಡಿ ‘ಯಾವುದೇ ಅಂಟು’ ಎನ್ನುತ್ತದೆ. ಮರಗೆಲಸದ ಬಿಳಿ ಅಂಟು ಒಣಗುವುದು ಅದರ ನೀರನ್ನು ಮರ ಹೀರಿಕೊಂಡಾಗ. ಸನ್‌ಬೋರ್ಡು ಪ್ಲಾಸ್ಟಿಕ್ಕು, ನೀರು ಹೀರುವುದಿಲ್ಲ. ಅಂಚಿನಲ್ಲಿ ಒಣಗಿದಂತೆ ಕಾಣುತ್ತದೆ, ನಡುವೆ ಒಂದು ವಾರ ಕಳೆದರೂ ಹಾಲಿನಂತೆ ಬಿಳಿಯಾಗಿಯೇ ಇರುತ್ತದೆ, ಗೋಡೆಗೇರಿಸಿದ ದಿನ ಮೇಲಿನ ಪದರ ಮೆಲ್ಲಗೆ ಜಾರುತ್ತದೆ. ಬೇಕಾದ್ದು ಚಪ್ಪಲಿ, ಸನ್‌ಮೈಕಾಗಳಿಗೆ ಬಳಸುವ ರಬ್ಬರ್ ಅಂಟು. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ 10-15 ನಿಮಿಷ ಬಿಟ್ಟು, ಆಮೇಲೆ ಒತ್ತಬೇಕು. ಮಳೆಗಾಲವಾದರೆ ಇನ್ನೊಂದು ಹತ್ತು ನಿಮಿಷ. ಪೂರ್ತಿ ಮೈಗೆ ಹಚ್ಚಿದರೆ ಒಂದು ಲೀಟರೂ ಸಾಲದು. ಅಂಚಿನ ಉದ್ದಕ್ಕೂ ಎರಡು ಬೆರಳಗಲ ಮತ್ತು ನಡುವೆ ಅಡ್ಡಗೀರುಗಳಷ್ಟು ಹಚ್ಚಿದರೆ ಅರ್ಧ ಲೀಟರಿನಲ್ಲಿ ಮುಗಿಯುತ್ತದೆ. ಈ ಅಂಟಿನ ಗುಣ ಏನೆಂದರೆ ಮುಟ್ಟಿದ ಕ್ಷಣ ಹಿಡಿಯುತ್ತದೆ, ಮತ್ತೆ ಸರಿಸಲು ಬಿಡುವುದಿಲ್ಲ. ಅದಕ್ಕೆ ಎರಡು ಪದರಗಳ ನಡುವೆ ಬಟರ್ ಪೇಪರ್ ಇಟ್ಟು, ಗೀರಿಗೆ ಅಂಚು ಹೊಂದಿಸಿ, ಒಂದು ಬದಿ ಒತ್ತಿ ಹಿಡಿದು ಕಾಗದವನ್ನು ಇನ್ನೊಂದು ಬದಿಯಿಂದ ಎಳೆಯುತ್ತ ಬರಬೇಕು. ಕಿಟಕಿ ತೆರೆದಿರಲಿ, ಆ ವಾಸನೆ ತಲೆ ಸುತ್ತಿಸುತ್ತದೆ. ಕಳೆದುಹೋದ ತುಂಡಿಗೆ ಬದಲಾಗಿ ಥರ್ಮೋಕೋಲ್ ಕತ್ತರಿಸಿ ಹಾಕುವವರಿದ್ದಾರೆ. ರಬ್ಬರ್ ಅಂಟು ತಾಗಿದರೆ ಥರ್ಮೋಕೋಲ್ ಬೆಲ್ಲದಂತೆ ಕರಗುತ್ತದೆ. ಅಲ್ಲಿ ಮಾತ್ರ ಬಿಳಿ ಅಂಟೇ ಆಗಬೇಕು.

ಇನ್ನು ತಪ್ಪುಗಳು. ಮೊದಲನೆಯದು ಸಮುದ್ರದ ದಂಡೆ. ತಳಹಲಗೆಯ ಮೇಲೆ ನೀಲಿ ಬಣ್ಣದ ಆಕಾರ ಮೊದಲೇ ಅಚ್ಚಾಗಿದೆ, ಅದು ಇವತ್ತಿನ ಉಪಗ್ರಹ ಚಿತ್ರದಿಂದ ತೆಗೆದದ್ದು. ತೆಂಕಣ ತುದಿಯಲ್ಲಿ ಗೆರೆ ಎಳೆದಂತೆ ಚೌಕಚೌಕವಾಗಿ ಕಾಣುವುದು ಪೊಟ್ಯಾಷ್ ತೆಗೆಯಲು ಕಟ್ಟಿದ ಆವಿ ಕೊಳಗಳು, 20ನೇ ಶತಮಾನದ ಕೈಗಾರಿಕೆ. ಕೈಪಿಡಿ ಇದನ್ನೇ ‘ರೂತಳ ಕಾಲದ ಸಮುದ್ರ’ ಎಂದು ಕರೆದಿದೆ. ಯೊರ್ದನ್ ನೀರನ್ನು ಮೇಲೆಯೇ ತಿರುಗಿಸಿಕೊಂಡ ಮೇಲೆ ಸಮುದ್ರದ ಮಟ್ಟ ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಿದೆ. 1960ರ ದಶಕದಲ್ಲಿ ಅದು ಮೈನಸ್ 400ಕ್ಕಿಂತ ಮೇಲೇ ಇತ್ತು, ಆಗ ತೆಂಕಣ ಭಾಗವೂ ತೆಳುನೀರಿನ ಅಡಿ ಇತ್ತು, ನಡುವೆ ನಾಲಗೆಯಂತೆ ಚಾಚಿದ ಲಿಸಾನ್ ಭೂಶಿರ. ಸರಿಪಡಿಸುವ ದಾರಿ ಸುಲಭ, ಹೇಗೂ ಮೊದಲ ಪದರದ ಅಂಚು ಮೈನಸ್ 400ರ ಗೆರೆಯೇ. ಆ ಪದರ ಅಂಟಿಸಿದ ಮೇಲೆ ತಳಹಲಗೆ ಎಲ್ಲೆಲ್ಲಿ ಕಾಣುತ್ತದೋ ಅಷ್ಟಕ್ಕೂ ಒಂದೇ ನೀಲಿ ಬಳಿದುಬಿಡಿ. ಹಳೆಯ ಕಾಲದಲ್ಲೂ ಮಟ್ಟ ಏರಿಳಿದಿದೆ, ಆದರೂ ಕೈಗಾರಿಕೆಯ ಕೊಳ ತೋರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಎರಡನೆಯ ತಪ್ಪು ಗಡಿ, ಇದು ದೊಡ್ಡದು. ಅರ್ನೋನ್ ಕಣಿವೆಯ ಉದ್ದಕ್ಕೂ ದಪ್ಪ ಕಪ್ಪು ಗೆರೆ ಕೊರೆದು, ದಕ್ಷಿಣಕ್ಕೆ ‘ಮೋವಾಬ್’, ಉತ್ತರಕ್ಕೆ ‘ರೂಬೇನ್’ (ಇಸ್ರಾಯೇಲಿನ ಒಂದು ಕುಲ) ಎಂದು ಅಚ್ಚು ಹಾಕಿದ್ದಾರೆ. ಹಾಗೆ ಮಾಡುವ ಆಸೆ ಯಾಕೆ ಹುಟ್ಟುತ್ತದೆ ಎಂಬುದು ನಕ್ಷೆ ಮುಟ್ಟಿದರೆ ಗೊತ್ತಾಗುತ್ತದೆ. ಪದವಿನ ಮೇಲೆ ಬಡಗಣದಿಂದ ತೆಂಕಣಕ್ಕೆ ಬೆರಳು ಎಳೆಯುತ್ತ ಬನ್ನಿ: ಹೆಷ್ಬೋನ್, ಮೇದೆಬಾ, ದೀಬೋನ್ ವರೆಗೆ ನುಣ್ಣಗೆ ಜಾರುವ ಬೆರಳು ದೀಬೋನ್ ದಾಟಿ 3 ಸೆಂ.ಮೀ. ಆಚೆಗೆ ಥಟ್ಟನೆ ಐದು ಮೆಟ್ಟಿಲು ಕೆಳಗೆ ಬೀಳುತ್ತದೆ, ಮತ್ತೆ ಐದು ಮೆಟ್ಟಿಲು ಹತ್ತುತ್ತದೆ. ಅಂಚಿನಿಂದ ಅಂಚಿಗೆ ಸುಮಾರು 4 ಕಿ.ಮೀ., ಆಳ ಐನೂರು ಮೀಟರಿನ ಆಸುಪಾಸು. ಇಂದಿನ ಹೆಸರು ವಾದಿ ಮುಜೀಬ್. ರಾಜಮಾರ್ಗ ಎಂದು ಬೈಬಲಿನ ಅರಣ್ಯಕಾಂಡ ಕರೆಯುವ ಹಳೆಯ ದಾರಿ ಇದನ್ನು ದಾಟಲೇಬೇಕು, ದಾಟುವ ಜಾಗವನ್ನು ಕಾಯಲು ಬಡಗಣ ಅಂಚಿನಲ್ಲಿ ಅರೋಯೇರ್ ಕೋಟೆ. ‘ಅರ್ನೋನೇ ಮೋವಾಬಿನ ಮೇರೆ’ ಎಂಬ ಅರ್ಥದ ಮಾತು ಅರಣ್ಯಕಾಂಡದ 21ನೇ ಅಧ್ಯಾಯದಲ್ಲೂ ನ್ಯಾಯಸ್ಥಾಪಕರ 11ರಲ್ಲೂ ಇದೆ. ಹೊಳೆ ಕಂಡರೆ ಗಡಿ ಎಳೆಯಲು ಕೈ ತುರಿಸುತ್ತದೆ.

ಆದರೆ ಹಾಗೆ ಎಳೆದರೆ ಮೇಷ ಅರಸನ ಊರೇ ಮೋವಾಬಿನ ಹೊರಗೆ ಬೀಳುತ್ತದೆ! ಅವನು ತನ್ನ ಶಾಸನದ ಮೊದಲ ಸಾಲುಗಳಲ್ಲೇ ತನ್ನನ್ನು ‘ಮೋವಾಬಿನ ಅರಸ, ದೀಬೋನಿನವನು’ ಎಂದು ಹೇಳಿಕೊಳ್ಳುತ್ತಾನೆ. ದೀಬೋನ್ ಇರುವುದು ಅರ್ನೋನಿನ ಬಡಗಣಕ್ಕೆ. ಯೆರಿಕೋ ಎದುರಿನ ಬಯಲಿಗೆ ‘ಮೋವಾಬ್ಯರ ಬೈಲು’ ಎಂದೇ ಹೆಸರು, ಅದು ಅರ್ನೋನಿನಿಂದ ಇನ್ನೂ ಎಷ್ಟೋ ಬಡಗಣಕ್ಕೆ. ಮೋಶೆ ತೀರಿಕೊಂಡದ್ದು ಮೋವಾಬ್ ದೇಶದಲ್ಲಿ ಎಂದು ಧರ್ಮೋಪದೇಶಕಾಂಡ ಹೇಳುವುದೂ ನೆಬೋ ಬೆಟ್ಟದ ಮಾತಿನ ಜೊತೆಗೆ. ಸಂಗತಿ ಇಷ್ಟೇ: ಅರ್ನೋನ್ ಮತ್ತು ಜೆರೆದ್ ನಡುವಿನ ನೆಲ ಮೋವಾಬಿನ ಗಟ್ಟಿ ತಿರುಳು. ಅರ್ನೋನಿನ ಬಡಗಣ ಪದವು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಹೆಷ್ಬೋನಿನ ಅರಸ ಸೀಹೋನ ಅದನ್ನು ಹಿಂದಿನ ಮೋವಾಬ್ ಅರಸನಿಂದ ಕಿತ್ತುಕೊಂಡದ್ದನ್ನು ಅರಣ್ಯಕಾಂಡವೇ ಹೇಳುತ್ತದೆ. ಆಮೇಲೆ ಅದು ರೂಬೇನ್ ಮತ್ತು ಗಾದ್ ಕುಲಗಳ ಪಾಲು. ಕ್ರಿ.ಪೂ. 9ನೇ ಶತಮಾನದಲ್ಲಿ ಇಸ್ರಾಯೇಲಿನ ಅರಸ ಒಮ್ರಿ ಮೇದೆಬಾ ಸೀಮೆಯನ್ನು ಹಿಡಿದು ಕೂತ. ಮೇಷ ಅದನ್ನು ವಾಪಸು ಕಿತ್ತುಕೊಂಡು ಅಟಾರೋತ್, ನೆಬೋ, ಯಹಚಗಳನ್ನು ಗೆದ್ದೆ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಯೆಶಾಯ 15-16 ಮತ್ತು ಯೆರೆಮೀಯ 48ರ ಹೊತ್ತಿಗೆ ಹೆಷ್ಬೋನ್, ಎಲೆಯಾಲೆಗಳೂ ಮೋವಾಬಿನ ಊರುಗಳ ಸಾಲಿನಲ್ಲಿ ಬರುತ್ತವೆ.

ಭಾಷಾವಾರು ರಾಜ್ಯಗಳಾದ 1956ರ ನವೆಂಬರ್ 1ಕ್ಕೆ ಕೇರಳದ ಗಡಿ ಎಲ್ಲಿ ಬಿತ್ತು, ಚಂದ್ರಗಿರಿ ಹೊಳೆಯ ಬಡಗಣದ ನೆಲ ಎತ್ತ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಏನು ಹೇಳಿತು, ಆಮೇಲೆ ಏನಾಗಲಿಲ್ಲ ಎಂದು ಬಲ್ಲ ಊರಿನ ಅಂಗಡಿಯಿಂದ ಈ ಒಂಟಿ ಕಪ್ಪು ಗೆರೆ ಬಂದದ್ದು ತಮಾಷೆಯೇ ಸರಿ.

ತಿದ್ದುವುದು ಹೀಗೆ. ಕಪ್ಪು ಗೆರೆಗೆ ಮತ್ತು ‘ರೂಬೇನ್’ ಅಕ್ಷರಕ್ಕೆ ಪದರದ ಬಣ್ಣವನ್ನೇ ಎರಡು ಕೋಟು ಬಳಿದು ಮುಚ್ಚಿ. ಡಬ್ಬದ ಕೆಂಪು ನೂಲಿನ ಜೊತೆ ಹಳದಿ, ಹಸಿರು ನೂಲನ್ನೂ ತಂದುಕೊಳ್ಳಿ. ಕೆಂಪನ್ನು ಅರ್ನೋನ್ ಉದ್ದಕ್ಕೆ ಪಿನ್ನು ಚುಚ್ಚಿ ಬಿಗಿದರೆ ಅದು ಸೀಹೋನನ ಕಾಲದ ಮೇರೆ. ಹಳದಿಯನ್ನು ನೆಬೋ, ಮೇದೆಬಾಗಳ ಬಡಗಣಕ್ಕೆ ತಿರುಗಿಸಿದರೆ ಅದು ಮೇಷ ಗೆದ್ದ ಮೇಲಿನದು. ಹಸಿರನ್ನು ಹೆಷ್ಬೋನ್ ಮತ್ತು ಎಲೆಯಾಲೆಯನ್ನು ಒಳಗೊಂಡು ಎಳೆದರೆ ಪ್ರವಾದಿಗಳ ಕಾಲದ್ದು. ನೂಲು ಬೆಟ್ಟದಿಂದ ಬೆಟ್ಟಕ್ಕೆ ಗಾಳಿಯಲ್ಲಿ ನೇತಾಡಬಾರದು. ಕಣಿವೆ ಬಂದಲ್ಲಿ ತಳದಲ್ಲೊಂದು, ಎರಡೂ ಅಂಚಿನಲ್ಲಿ ಒಂದೊಂದು ಪಿನ್ನು ಬೇಕು. ಹೀಗೆ ಮಾಡಿದರೆ ಡಬ್ಬದಲ್ಲಿರುವ ಪಿನ್ನು ಸಾಲದು, ಇನ್ನೊಂದು ಪೆಟ್ಟಿಗೆ ತಂದಿಟ್ಟುಕೊಳ್ಳಿ.

ಇದೇ ನೂಲಿನಿಂದ ಎರಡನೆಯ ಅರಸುಗಳ 3ನೇ ಅಧ್ಯಾಯದ ದಂಡಯಾತ್ರೆಯನ್ನೂ ಎಳೆದು ತೋರಿಸಬಹುದು. ಮೇಷ ತಿರುಗಿಬಿದ್ದಾಗ ಇಸ್ರಾಯೇಲ್ ಮತ್ತು ಯೆಹೂದದ ಅರಸರು ಬಡಗಣದಿಂದ ನುಗ್ಗದೆ ಸಮುದ್ರವನ್ನು ತೆಂಕಣಕ್ಕೆ ಸುತ್ತುಹಾಕಿ ಎದೋಮಿನ ಅಡವಿದಾರಿ ಹಿಡಿದದ್ದೇಕೆ? ಬಡಗಣದ ಊರುಗಳೆಲ್ಲ ಮೇಷ ಭದ್ರಪಡಿಸಿದವು, ಅವನ್ನು ಗೆದ್ದರೂ ಮುಂದೆ ಆ ಐದು ಮೆಟ್ಟಿಲಿನ ಕಂದರ. ತೆಂಕಣದಿಂದ ಬಂದರೆ ಜೆರೆದ್ ಹಳ್ಳದ ಕಡೆಯಿಂದ ಹತ್ತಿ ನೇರ ಕೀರ್ ಹರೆಷೆತ್ ಬಾಗಿಲಿಗೆ. ಇಂದಿನ ಕೆರಕ್ ಅದೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ, ಹದಿನಾಲ್ಕನೇ ಪದರದ ಮೇಲೆ ಮೂರು ಕಡೆ ಕಡಿದಾದ ದಿಬ್ಬ. 1142ರಲ್ಲಿ ಕ್ರುಸೇಡರುಗಳು ಕೋಟೆ ಕಟ್ಟಲು ಆರಿಸಿದ್ದೂ ಅದನ್ನೇ.

ಮೂರನೆಯ ತಪ್ಪಿಗೆ ಮದ್ದಿಲ್ಲ. ಮೇಷ ಶಾಸನದ ಕಿರುಪ್ರತಿ 14 ಸೆಂ.ಮೀ. ಎತ್ತರ, ಮೂಲದ ಎಂಟನೇ ಒಂದು ಪಾಲು. ಮೂಲ ಕಲ್ಲು ಕಪ್ಪು ಬಸಾಲ್ಟು, ಎತ್ತರ ಸುಮಾರು 115 ಸೆಂ.ಮೀ., ಅಗಲ 60, ಮೇಲ್ಭಾಗ ದುಂಡು, ಬರಹ 34 ಸಾಲು. 1868ರಲ್ಲಿ ಧೀಬಾನ್ ಎಂಬಲ್ಲಿ, ಅಂದರೆ ಹಳೆಯ ದೀಬೋನಿನಲ್ಲಿ, ಕ್ಲೈನ್ ಎಂಬ ಮಿಷನರಿ ಇದನ್ನು ಕಂಡ. ಕೊಳ್ಳಲು ಪೈಪೋಟಿ ಎದ್ದು, ಒಡೆತನದ ಜಗಳದಲ್ಲಿ ಅಲ್ಲಿಯ ಬೆದೂಯಿನರು 1869ರಲ್ಲಿ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಸುರಿದು ಚೂರು ಮಾಡಿದರು. ಅದಕ್ಕೆ ಮೊದಲೇ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗನ್ನೋ ತರಿಸಿಕೊಂಡಿದ್ದ ಒದ್ದೆ ಕಾಗದದ ಒತ್ತುಪ್ರತಿ, ಹರಿದದ್ದಾದರೂ, ಉಳಿದಿತ್ತು. ಅದನ್ನು ನೋಡಿಕೊಂಡೇ ಸಿಕ್ಕ ಚೂರುಗಳನ್ನು ಜೋಡಿಸಿ, ಸಿಗದ ಭಾಗವನ್ನು ತುಂಬಿದರು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ.

ಡಬ್ಬದ ಕಿರುಪ್ರತಿಯಲ್ಲಿ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ. ಫೋಟೋವನ್ನು ತಿರುಗಿಸದೆ ಅಚ್ಚಿಗೆ ಕೊರೆದು, ಅದರಲ್ಲಿ ರೆಸಿನ್ ಹೊಯ್ದರೆ ಆಗುವುದೇ ಹೀಗೆ. ಪತ್ತೆಹಚ್ಚಲು ಲಿಪಿ ಬರಬೇಕಿಲ್ಲ. ಆ ಬರಹ ಬಲದಿಂದ ಎಡಕ್ಕೆ ಓಡುತ್ತದೆ, ಮೊದಲ ಪದ ‘ನಾನು’. ಹಾಗಾಗಿ ಮೊದಲ ಸಾಲಿನ ಮೊದಲ ಅಕ್ಷರ, ಎತ್ತಿನ ತಲೆಯನ್ನು ಅಡ್ಡಡ್ಡ ಮಲಗಿಸಿದಂತಿರುವ ಆಲೆಫ್, ಬಲತುದಿಯಲ್ಲಿರಬೇಕು. ಈ ಪ್ರತಿಯಲ್ಲಿ ಎಡತುದಿಯಲ್ಲಿದೆ. ಪೂರ್ತಿ ಕಲ್ಲಿನ ಒಂದು ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಡಬ್ಬ ಪಡೆಯುವಾಗ ಅಂಗಡಿಯಲ್ಲೇ ಬಿಚ್ಚಿ ನೋಡಿ, ತಿರುಗಿದ್ದರೆ ಆಗಲೇ ಬದಲಿ ಕೇಳಿ. ಕೈಪಿಡಿಯಲ್ಲಿ ಶಾಸನದ ಅನುವಾದ ತಕ್ಕಮಟ್ಟಿಗೆ ಚೆನ್ನಾಗಿದೆ, 31ನೇ ಸಾಲಿನಲ್ಲಿ ಮಾತ್ರ ‘ದಾವೀದನ ಮನೆತನ’ ಎಂದು ಅನುಮಾನವೇ ಇಲ್ಲದಂತೆ ಅಚ್ಚಿಸಿದೆ. ಆ ಜಾಗದಲ್ಲಿ ಕಲ್ಲು ಸವೆದಿದೆ, ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ, ‘ಬಾಲಾಕ’ (ಬೈಬಲಿನಲ್ಲಿ ಬರುವ ಮೋವಾಬಿನ ಅರಸ) ಎಂದು ಓದಬೇಕೆನ್ನುವವರೂ ಇದ್ದಾರೆ. ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಬರೆದುಕೊಳ್ಳಿ. ಇನ್ನೊಂದೆಡೆ, ಪಾಠಕ್ಕೆ ಬಹಳ ಒದಗುವ ಸಾಲುಗಳನ್ನು ಕೈಪಿಡಿ ಕೈಬಿಟ್ಟಿದೆ: ಪಟ್ಟಣದೊಳಗೆ ನೀರಿನ ಹೊಂಡವಿರಲಿಲ್ಲ, ‘ನೀವು ನಿಮ್ಮ ನಿಮ್ಮ ಮನೆಯಲ್ಲಿ ಹೊಂಡ ಮಾಡಿಕೊಳ್ಳಿ’ ಎಂದು ಜನಕ್ಕೆ ಹೇಳಿದೆ ಎನ್ನುತ್ತಾನೆ ಮೇಷ. ಮನೆ ಹಿಂದಿನ ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವ ಕಾಸರಗೋಡಿನಲ್ಲಿ ಈ ಮಾತಿಗೆ ಕಿವಿ ಕೊಡದ ಮಗು ಇರಲಿಕ್ಕಿಲ್ಲ.

ಹೆಸರಿನ ಚೀಟಿಗಳ ಬಗ್ಗೆ ಎರಡು ಮಾತು. ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪಿಸಿದ್ದನ್ನು ಬೇರೆ ಸಾಫ್ಟ್‌ವೇರಿಗೆ ತಂದಾಗ ಅರ್ಕಾವೊತ್ತು ಕೆಟ್ಟು ‘ಅರ್ನೋನ್’ ಹೋಗಿ ‘ಅನೋ೯ನ್’ ಆಗಿದೆ, ‘ಯೊರ್ದನ್’ ‘ಯೊದ೯ನ್’ ಆಗಿದೆ. ಒತ್ತಿನ ಜಾಗದಲ್ಲಿ ಕೂತಿರುವುದು ಒಂಬತ್ತರ ಅಂಕಿ. ‘ಹೆಷ್ಬೋನ್’ ಒಡೆದು ಎರಡು ತುಂಡಾಗಿದೆ. ಅಚ್ಚಿಗೆ ಹೋಗುವ ಮುಂಚೆ ಕನ್ನಡ ಓದುವವರೊಬ್ಬರು ನೋಡಿದ್ದರೆ ಸಾಕಿತ್ತು. ಕೇಳಿದರೆ ಚೀಟಿ ಹಾಳೆ ಮತ್ತೆ ತೆಗೆದುಕೊಡುತ್ತಾರೆ. ಆಗ ಪಟ್ಟಿಯನ್ನು ಯೂನಿಕೋಡಿನಲ್ಲೇ ಟೈಪಿಸಿ, ಪಿಡಿಎಫ್ ಮಾಡಿಯೇ ಕೊಡಿ. ಕಾಗುಣಿತವನ್ನೂ ಆಗಲೇ ನಿರ್ಧರಿಸಿ. ಈಗಿನ ಚೀಟಿಗಳಲ್ಲಿ ಒಂದು ಕಡೆ ‘ಯೊರ್ದನ್’ ಇನ್ನೊಂದು ಕಡೆ ‘ಜೋರ್ಡನ್’, ಒಂದು ಕಡೆ ‘ಲವಣ ಸಮುದ್ರ’ ಇನ್ನೊಂದು ಕಡೆ ‘ಮೃತ ಸಮುದ್ರ’. ನಿಮ್ಮ ತರಗತಿಯಲ್ಲಿ ಓದುವ ಬೈಬಲಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಇಂದಿನ ಅರಬ್ಬಿ ಹೆಸರುಗಳನ್ನು (ಧೀಬಾನ್, ಮಾದಬಾ, ಕೆರಕ್, ವಾದಿ ಮುಜೀಬ್, ವಾದಿ ಹಸಾ) ಬೇರೆ ಬಣ್ಣದ ಚೀಟಿಯಲ್ಲಿ ಹಾಕಿಸಿದರೆ ಜೋರ್ಡನ್ ದೇಶದ ಈಗಿನ ನಕ್ಷೆಯ ಜೊತೆ ಹೋಲಿಸಲು ಅನುಕೂಲ.

ಮಾದಬಾ ನೆಲಚಿತ್ರದ ಪ್ರಿಂಟು ಪರವಾಗಿಲ್ಲ. ಮಾದಬಾದ ಸಂತ ಜಾರ್ಜರ ದೇವಾಲಯದ ನೆಲದಲ್ಲಿ 6ನೇ ಶತಮಾನದಲ್ಲಿ ಬಣ್ಣದ ಕಲ್ಲಿನ ಚೂರುಗಳಿಂದ ಮಾಡಿದ ನಕ್ಷೆ ಅದು. ಸಮುದ್ರದಲ್ಲಿ ಎರಡು ದೋಣಿ, ಉಪ್ಪುನೀರಿಗೆ ಹೆದರಿ ಯೊರ್ದನಿನಲ್ಲಿ ಹಿಂದಕ್ಕೆ ತಿರುಗಿದ ಒಂದು ಮೀನು, ಕೋಟೆಗೋಡೆಯೊಳಗಿನ ಕೆರಕ್ ಎಲ್ಲವೂ ಸ್ಪಷ್ಟ. ಮೂಲದಲ್ಲಿ ಮೇಲೆ ಇರುವುದು ಪೂರ್ವ ದಿಕ್ಕು. ಅಂಗಡಿಯವರು ಉತ್ತರ ಮೇಲೆ ಬರಲೆಂದು ತಿರುಗಿಸಿ ಅಚ್ಚು ಹಾಕಿದ್ದರಿಂದ ಗ್ರೀಕ್ ಅಕ್ಷರಗಳೆಲ್ಲ ಮಲಗಿವೆ. ತಿರುಗಿಸಿ ತೂಗುಹಾಕಿದರೆ ಆಯಿತು.

ತೂಗುಹಾಕುವಾಗ ಜಾಗ್ರತೆ. ಪೂರ್ತಿ ಜೋಡಿಸಿದ ನಕ್ಷೆ ಹತ್ತು ಕಿಲೋದ ಹತ್ತಿರ ತೂಗುತ್ತದೆ, ಡಬ್ಬದಲ್ಲಿ ಕೊಟ್ಟ ಒಂದು ಕೊಕ್ಕೆ ಅದಕ್ಕೆ ಸಾಲದು. ಮುರಕಲ್ಲಿನ ಗೋಡೆಯಾದರೆ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ಕೊರೆಯಬೇಕು, ಇಲ್ಲದಿದ್ದರೆ ತೂತು ಅಗಲವಾಗಿ ಪ್ಲಗ್ಗು ಸಡಿಲ ಕೂರುತ್ತದೆ. ಕಲ್ಲು ಮೆದು, ಆದ್ದರಿಂದ 10 ಮಿ.ಮೀ. ಉದ್ದನೆಯ ನೈಲಾನ್ ಪ್ಲಗ್ಗು, ನಾಲ್ಕು ಮೂಲೆಗೆ ನಾಲ್ಕು ತಿರುಪು. ಪಡುವಣ ಗೋಡೆ ಬೇಡ, ಮಳೆಗಾಲದಲ್ಲಿ ಒಳಗಿನಿಂದಲೂ ಬೆವರುತ್ತದೆ. ಗೋಡೆಗೂ ಹಲಗೆಗೂ ನಡುವೆ ಎರಡು ಸೆಂ.ಮೀ. ಗಾಳಿಯಾಡಲು ಮರದ ಪಟ್ಟಿ ಕೊಡಿ. ಸನ್‌ಬೋರ್ಡಿಗೆ ಒರಲೆ ಹಿಡಿಯುವುದಿಲ್ಲ, ಎಂಡಿಎಫ್ ತಳಹಲಗೆಗೆ ಹಿಡಿಯುತ್ತದೆ. ಅದಕ್ಕಿಂತ ಮೊದಲು ಅದು ನೀರು ಹೀರಿ ಮೂಲೆಗಳಲ್ಲಿ ಉಬ್ಬುತ್ತದೆ, ಉಬ್ಬಿದರೆ ಕೆಳಗಿನ ಎರಡು-ಮೂರು ಪದರಗಳ ಅಂಟು ಬಿಡುತ್ತದೆ. ಆರ್ಡರು ಕೊಡುವಾಗಲೇ ಎಂಡಿಎಫ್ ಬೇಡ, 12 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ತಳ ಹಾಕಿ ಎಂದು ಹೇಳಿ, ಗೆರೆಯಿಲ್ಲದ ಪದರ, ಬಣ್ಣವಿಲ್ಲದ ತಳ ಕೇಳಿ. ಯಂತ್ರಕ್ಕೆ ಗಡಿಯ ಗೆರೆ ಬೇರೆಯೇ ಫೈಲಿನಲ್ಲಿ ಹೋಗುತ್ತದೆ, ಅದನ್ನು ಬಿಟ್ಟು ಕೊರೆಯುವುದು ಅವರಿಗೂ ಕೆಲಸ ಕಡಿಮೆ.